ಅಡ್ಡಹೆಸರಿನ ಬೂಟು

ನಮ್ಮ ಕಡೆ ಅಡ್ಡಹೆಸರು ಎಂಬ ಒಂದೇ ಪದಕ್ಕೆ ಎರಡು ಅರ್ಥ. ಜನ ಚೇಷ್ಟೆಗೆ ಇಡುವ ಹೆಸರೂ ಅಡ್ಡಹೆಸರೇ, ರೇಷನ್ ಕಾರ್ಡಿನಲ್ಲಿ ಬರೆಸುವ ಮನೆತನದ ಹೆಸರೂ ಅಡ್ಡಹೆಸರೇ. ಯಾರೋ ಮುತ್ತಜ್ಜ ಸಂತೆಯಲ್ಲಿ ಪಂದ್ಯ ಕಟ್ಟಿ ಮೆಣಸಿನಕಾಯಿ ತಿಂದಿರುತ್ತಾನೆ. ಅವನ ಮರಿಮಗ ವಕೀಲನಾಗಿ, ಬೋರ್ಡಿನ ಮೇಲೆ ತನ್ನ ಹೆಸರಿನ ಮುಂದೆ ಮೆಣಸಿನಕಾಯಿ ಎಂದು ಬರೆಸಿಕೊಂಡು ಗಂಭೀರವಾಗಿ ಕೂತಿರುತ್ತಾನೆ. ಕಕ್ಷಿದಾರರು ಯಾರೂ ನಗುವುದಿಲ್ಲ. ನನ್ನ ಗಂಡನ ಮನೆತನದ ಅಡ್ಡಹೆಸರೂ ಒಂದು ಕಾಯಿಪಲ್ಲೆಯದ್ದೇ. ಯಾವುದೆಂದು ಇಲ್ಲಿ ಹೇಳುವುದಿಲ್ಲ. ಮದುವೆಯಾದ ಹೊಸದರಲ್ಲಿ ಆ ಹೆಸರಿನಿಂದ ಕರೆದರೆ ಓಗೊಡುವುದಕ್ಕೇ ನನಗೆ ಬಹಳ ಕಾಲ ಹಿಡಿಯಿತು.

ಹಾಗಾಗಿ ಒಬ್ಬ ಮನುಷ್ಯ ನನಗೆ ಇನ್ನೊಂದು ಅಡ್ಡಹೆಸರು ಅಂಟಿಸಲು ಹೊರಟಾಗ, ಹೋಗಲಿ ಬಿಡು, ತಮಾಷೆ ಎಂದು ನಾನು ಸುಮ್ಮನಾಗಲಿಲ್ಲ. ಸೇಡು ತೀರಿಸಿಕೊಂಡೆ. ಕೂತು ಯೋಚಿಸಿ, ಅದಕ್ಕೆಂದೇ ಬೂಟು ಆರಿಸಿ, ದಾರಿ ಆರಿಸಿ ತೀರಿಸಿಕೊಂಡೆ. ಇದನ್ನು ಬರೆಯುವಾಗಲೂ ನನಗೆ ಖುಷಿಯೇ ಆಗುತ್ತಿದೆ.

ಆ ಮನುಷ್ಯ ನನ್ನ ಅಣ್ಣನ ಹೆಂಡತಿಯ ಅಣ್ಣ. ಅಂದರೆ ನಮಗೆ ಬೀಗ. ರಾಮದುರ್ಗದಲ್ಲಿ ದೊಡ್ಡ ಅರಿವೆ ಅಂಗಡಿ ಇಟ್ಟವರು. ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ಹಾಕುತ್ತ, ಬಂದ ಗಿರಾಕಿಗಳನ್ನೆಲ್ಲ ಕಾಲೆಳೆದು ನಗಿಸುವ ಬಾಯಿ. ಬೀಗರ ನಡುವೆ ಚೇಷ್ಟೆಗೆ ನಮ್ಮಲ್ಲಿ ಪರವಾನಗಿಯೇ ಇದೆ. ಹೋಳಿಗೆಯೊಳಗೆ ಹತ್ತಿ ತುಂಬಿ ಬಡಿಸಬಹುದು, ಮಲಗಿದವರ ಮೀಸೆಗೆ ಕುಂಕುಮ ಹಚ್ಚಬಹುದು. ಮಾಡಿಸಿಕೊಂಡವರು ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಸೋತಂತೆ. ತಿರುಗಿ ಕೊಡಬೇಕು, ಅದೂ ನಗುನಗುತ್ತ ಕೊಡಬೇಕು.

ನಾನು ಬೈಲಹೊಂಗಲದಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಊರವರಿಗೆಲ್ಲ ಸಕ್ಕರೆ ಕಾಯಿಲೆಯ ಗುಳಿಗೆ ಕೊಡುತ್ತ ಕೊಡುತ್ತ ನನಗೇ ಸಕ್ಕರೆ ಬಾಗಿಲಿಗೆ ಬಂದು ನಿಂತಿತು. ಡಾಕ್ಟರರು ದೇಹ ದಂಡಿಸಿರಿ ಎಂದರು. ನಡೆಯುವುದು ನನಗೆ ಬೇಸರ. ಗೇರಿನ ಸೈಕಲ್ಲು ಕೊಂಡೆ, ದಪ್ಪ ಗಾಲಿಯದು, ಕಲ್ಲುದಾರಿಗೆ, ಗುಡ್ಡಕ್ಕೆ ಎಂದೇ ಮಾಡಿದ್ದು. ಭಾನುವಾರಕ್ಕೊಮ್ಮೆ ಹೊರಡುವ ಒಂದು ಸಣ್ಣ ಗುಂಪಿತ್ತು. ಒಬ್ಬರು ವಕೀಲರು, ಒಬ್ಬರು ಸಾಲಿ ಮಾಸ್ತರರು, ಒಬ್ಬರು ಬ್ಯಾಂಕಿನವರು. ಒಂದು ವಾರ ಕಿತ್ತೂರ ಕಡೆ, ಒಂದು ವಾರ ಸವದತ್ತಿ ಗುಡ್ಡದ ಕಡೆ. ಬೀಗರು ರಾಮದುರ್ಗದಿಂದ ಕಾರಿನ ಹಿಂದೆ ಸೈಕಲ್ಲು ಕಟ್ಟಿಕೊಂಡು ಬಂದು ನಮ್ಮನ್ನು ಕೂಡಿಕೊಳ್ಳುತ್ತಿದ್ದರು.

ಸವದತ್ತಿ ಗುಡ್ಡದ ಒಂದು ಏರಿನಲ್ಲಿ ನನ್ನ ಮಾನ ಹೋಯಿತು. ನಾನು ಹಾಕಿಕೊಂಡಿದ್ದು ನಡೆಯುವ ಬೂಟು. ಬಿಳಿ, ಮೆತ್ತಗೆ, ಸಪಾಟಾದ ತಳ. ಕಲ್ಲಿನ ಮೇಲೆ ಗಾಲಿ ಕುಪ್ಪಳಿಸಿದಾಗ ಕಾಲು ಪೆಡಲಿನಿಂದ ಜಾರಿತು, ಬಿಚ್ಚಿದ ಲೇಸು ಚೈನಿಗೆ ಸಿಕ್ಕಿತು, ಕಾಲು ಬೂಟಿನಿಂದ ಹೊರಗೆ ಬಂತು. ನಾನು ಮುಳ್ಳಿನಲ್ಲಿ, ಬರೀ ಕಾಲುಚೀಲದ ಕಾಲು ಎತ್ತಿ ಹಿಡಿದು, ಒಂಟಿಕಾಲಲ್ಲಿ ನಿಂತಿದ್ದೆ. ಬೂಟು ಮಾತ್ರ ಪೆಡಲಿಗೆ ಜೋತುಬಿದ್ದು ಮೇಲೆ ಹೋಗಿ ನಿಂತಿತ್ತು. ಬೀಗರು ಇಳಿದು ಬಂದರು. ಸೈಕಲ್ಲು ಹಿಡಿಯಲು ಕೈ ಚಾಚುತ್ತಾರೆ ಎಂದುಕೊಂಡೆ. ಅವರು ಫೋನು ತೆಗೆದರು.

"ಏನ್ರಿ ಬೀಗಿತ್ತಿ, ಕಾಲ್ಮರಿ ಒಂದ ಸವಾರಿ ಹೊಂಟೇತಲ್ಲ. ನೀವು ಹಿಂದಿಂದ ನಡಕೋತ ಬರ್ರಿ."

"ಬೂಟು ಸರಿ ಇಲ್ರಿ, ಜಾರತಾವ," ಎಂದೆ.

"ಕುಣಿಯಾಕ ಬರದಾಕಿ ನೆಲಾ ಡೊಂಕು ಅಂದ್ಲಂತ."

ವಕೀಲರು ನಕ್ಕರು, ಮಾಸ್ತರರು ನಕ್ಕರು. ನಾನೂ ನಕ್ಕೆ, ನಗಲೇಬೇಕಿತ್ತು. ಹಲ್ಲು ಕಾಣಿಸುತ್ತಲೇ ಹಲ್ಲು ಕಡಿಯುವುದು ಕಷ್ಟ, ಆದರೆ ಅಂದು ಕಲಿತೆ.

ಮನೆಗೆ ಬರುವಷ್ಟರಲ್ಲಿ ಆ ಫೋಟೋ ವಾಟ್ಸಾಪಿನ ಸ್ಟಿಕ್ಕರಾಗಿತ್ತು. ಪೆಡಲಿನ ಮೇಲೆ ಬೂಟು, ಪಕ್ಕದಲ್ಲಿ ಕೊಕ್ಕರೆಯಂತೆ ಒಂಟಿಕಾಲಿನ ನಾನು, ಕೆಳಗೆ "ಬೂಟಿನವರು ಬಂದ್ರು" ಎಂಬ ಅಕ್ಷರ. ಬೀಗರ ಗುಂಪಿನಲ್ಲಿ ಬಿಟ್ಟರು, ಸೈಕಲ್ಲಿನ ಗುಂಪಿನಲ್ಲಿ ಬಿಟ್ಟರು, ಅಲ್ಲಿಂದ ಅದು ಎಲ್ಲೆಲ್ಲಿ ಹೋಯಿತೋ ಆ ದೇವರಿಗೇ ಗೊತ್ತು. ಶುಭೋದಯಕ್ಕೂ ಅದೇ, ಯಾರದೋ ಹುಟ್ಟುಹಬ್ಬಕ್ಕೂ ಅದೇ. ನನ್ನ ಒಡಹುಟ್ಟಿದ ಅಣ್ಣ ಕೂಡ ಕಳಿಸಿದ. ಬಿದ್ದವರಿಗೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಹಾಗೆ. ಸ್ವಲ್ಪ ದಿನಕ್ಕೆ ಅಂಗಡಿಗೆ ಬಂದ ಒಬ್ಬ ಮುದುಕಿ, ಸೈಕಲ್ಲಿನ ಸುದ್ದಿಯೇ ಗೊತ್ತಿಲ್ಲದವಳು, "ಬೂಟಿನ ಅಕ್ಕಾರ, ಜ್ವರದ ಗುಳಿಗಿ ಕೊಡ್ರಿ," ಎಂದಳು. ಅವಳ ಮಾತಿನಲ್ಲಿ ಚೇಷ್ಟೆ ಇರಲಿಲ್ಲ. ನನ್ನ ಹೆಸರೇ ಅದು ಎಂದು ತಿಳಿದಿದ್ದಳು. ನನಗೆ ಹೆದರಿಕೆ ಹುಟ್ಟಿದ್ದು ಆಗ.

ಅದೇ ವಾರ ನನ್ನ ಮಗಳು ಸಾಲಿಯಿಂದ ಬಂದು ಚೀಲ ಎಸೆದಳು.

"ಅವ್ವಾ, ಸಾಲ್ಯಾಗ ನನಗ ಬೂಟಿನಾಕಿ ಅಂತ ಕರಿಯಾಕ ಹತ್ಯಾರ. ನಮ್ಮ ಅಡ್ಡಹೆಸರು ಅದಲ್ಲ ಅಂತ ಹೇಳಿದ್ರ ಇನ್ನಷ್ಟು ನಗತಾರ."

ಕಣ್ಣು ಕೆಂಪಾಗಿದ್ದವು. ಹುಡುಗಿ ಸುಮ್ಮಸುಮ್ಮನೆ ಅಳುವವಳಲ್ಲ. ನನ್ನನ್ನು ಏನಾದರೂ ಅನ್ನಲಿ, ನನ್ನ ಚರ್ಮ ದಪ್ಪ. ಆದರೆ ಈ ಹೆಸರು ಮಗಳ ಬೆನ್ನಿಗೆ ಅಂಟಿ, ಅವಳ ಮಕ್ಕಳ ರೇಷನ್ ಕಾರ್ಡಿನವರೆಗೂ ಹೋಗುವುದು ನಮ್ಮ ಕಡೆ ಆಗದ ಮಾತೇನಲ್ಲ. ಬೀಗರಿಗೆ ತಿರುಗಿ ಕೊಡಲೇಬೇಕು, ಅವರು ಕೊಟ್ಟದ್ದನ್ನೇ ಕೊಡಬೇಕು ಎಂದು ಅಂದೇ ನಿಶ್ಚಯ ಮಾಡಿದೆ.

ಮೊದಲು ಬೂಟು ಬೇಕಿತ್ತು. ಬಜಾರಿನ ಅಂಗಡಿಗೆ ಹೋದೆ.

"ಯಾರಿಗ್ರಿ, ಸಾಲಿ ಹುಡುಗರಿಗೇನು?" ಎಂದ ಅಂಗಡಿಯವ.

"ನನಗ. ಗುಡ್ಡದಾಗ ಸೈಕಲ್ ಹೊಡ್ಯಾಕ."

ಅವನು ಒಳಗೆ ಹೋಗಿ ಗುಲಾಬಿ ಬಣ್ಣದ, ಮಿಂಚು ಹಚ್ಚಿದ ಒಂದು ಜೋಡಿ ತಂದ. "ಲೇಡೀಸಿಗೆ ಇದ ಬರತೇತ್ರಿ." ಕೈಯಲ್ಲಿ ಹಿಡಿದು ಮಡಚಿದೆ. ಚಪಾತಿಯಂತೆ ಮಡಚಿಕೊಂಡಿತು. ಇಷ್ಟು ಮೆತ್ತನೆಯ ತಳ ಇದ್ದರೆ ಏರಿನಲ್ಲಿ ಪೆಡಲಿನ ಕಬ್ಬಿಣವೆಲ್ಲ ಅಂಗಾಲಿಗೆ ತಾಗುತ್ತದೆ, ತುಳಿದ ಬಲ ಬೂಟಿನಲ್ಲೇ ಉಳಿಯುತ್ತದೆ. ಕಾರ್ಖಾನೆಯವರು ಹಾಕುವ, ಮುಂದೆ ಕಬ್ಬಿಣ ಇರುವ ಬೂಟನ್ನೂ ತೋರಿಸಿದ. ಗಟ್ಟಿಯೇನೋ ಹೌದು, ಆದರೆ ಎತ್ತಿದರೆ ಬಕೀಟು ಎತ್ತಿದಂತೆ.

ಆಮೇಲೆ ಫೋನಿನಲ್ಲೇ ತರಿಸಿ, ಮೆಟ್ಟಿ ನೋಡಿ, ವಾಪಸು ಕಳಿಸುವ ಕೆಲಸ ಹಿಡಿದೆ. ಹೆಂಗಸರ ಅಳತೆಗೆ ಆಯ್ಕೆ ಕಡಿಮೆ, ಗಂಡಸರದ್ದು ಅಗಲ ಹೆಚ್ಚು. ಬೆಳಿಗ್ಗೆ ಸರಿಯಾದದ್ದು ಸಂಜೆಗೆ ಬಿಗಿಯುತ್ತಿತ್ತು. ದಿನವಿಡೀ ಅಂಗಡಿಯಲ್ಲಿ ನಿಂತ ಕಾಲು ಊದಿಕೊಂಡಿರುತ್ತದೆ, ಅದಕ್ಕೇ ಸಂಜೆ ಹೊತ್ತೇ ದಪ್ಪ ಕಾಲುಚೀಲ ಹಾಕಿ ಮೆಟ್ಟಿ ನೋಡುವುದನ್ನು ರೂಢಿ ಮಾಡಿಕೊಂಡೆ. ಪಾರ್ಸೆಲ್ ತರುವವನು ಇಷ್ಟೊಂದು ಬೂಟಿನ ಡಬ್ಬಿ ಕಂಡು, ಓಣಿಯ ತುದಿಯಲ್ಲಿ ನಿಂತು "ಬೂಟಿನವರ ಮನಿ ಇದ ಏನ್ರಿ?" ಎಂದು ಕೇಳತೊಡಗಿದ. ಹೆಸರು ಅಳಿಸಲು ಬೂಟು ಹುಡುಕಿದರೆ, ಹುಡುಕಿದಷ್ಟೂ ಹೆಸರು ಗಟ್ಟಿಯಾಗುತ್ತಿತ್ತು. ಇದರ ಲೆಕ್ಕವನ್ನೂ ಬೀಗರ ಖಾತೆಗೇ ಬರೆದೆ.

ಗುಡ್ಡದ ಸೈಕಲ್ಲಿನ ಬೂಟಿನಲ್ಲಿ ಎರಡು ಜಾತಿ. ಒಂದು ಸಪಾಟು ತಳದ್ದು. ಪೆಡಲಿನ ಮೇಲಿನ ಸಣ್ಣ ಮೊಳೆಗಳನ್ನು ಅದರ ರಬ್ಬರು ಹಿಡಿದುಕೊಳ್ಳುತ್ತದೆ, ಬೇಕೆಂದಾಗ ಕಾಲು ಎತ್ತಬಹುದು. ಇನ್ನೊಂದು ಕ್ಲಿಪ್ ಬೂಟು. ಅದರ ತಳದಲ್ಲಿ ಒಂದು ಕುಳಿ, ಕುಳಿಯಲ್ಲಿ ಒಂದು ಕಬ್ಬಿಣದ ತುಂಡು. ಪೆಡಲಿನ ಬಾಯಿಗೆ ಅದನ್ನು ಒತ್ತಿದರೆ ಕಚ್ಚಿ ಹಿಡಿಯುತ್ತದೆ, ಹಿಮ್ಮಡಿ ಹೊರಗೆ ತಿರುಗಿಸಿದರೆ ಬಿಡುತ್ತದೆ. ಬೀಗರದ್ದು ಈ ಎರಡನೆಯ ಜಾತಿ. ಹೊರದೇಶದ್ದು.

ಒಂದು ಭಾನುವಾರ ಸವದತ್ತಿಯಿಂದ ಹಿಂತಿರುಗುವಾಗ ಅವರು ಗುಂಪಿನ ಜೊತೆ ನಮ್ಮ ಮನೆಗೆ ನಾಷ್ಟಾಕ್ಕೆ ಬಂದರು. ಅಂಗಳದ ಕಲ್ಲಿನ ಮೇಲೆ ಟಕ್ ಟಕ್ ಎಂದು ನಡೆದು ಬಂದ ಸಪ್ಪಳಕ್ಕೆ, ಕಣ್ಣು ಮಂಜಾದ ನಮ್ಮತ್ತೆ ಕಟ್ಟೆಯ ಮೇಲಿಂದ "ಯಾರ ಎತ್ತು ಬಂತವ್ವಾ ಒಳಗ?" ಎಂದರು. ಬೀಗರು ಹಲ್ಲು ಬಿಟ್ಟು, ಬೂಟು ಬಿಚ್ಚಿ, ಅವರ ಕೈಗೇ ಕೊಟ್ಟರು. ಅತ್ತೆ ತಳ ತಡವಿ ನೋಡಿದರು.

"ಇದಕ್ಕ ನಾಲಾ ಬಡಿಸೀರಲ್ರಿ ಬೀಗರ."

ನಾಲ ಎಂದರೆ ಲಾಳ, ಎತ್ತಿನ ಗೊರಸಿಗೆ ಬಡಿಯುವ ಕಬ್ಬಿಣ. ಎಲ್ಲರೂ ನಕ್ಕು ಒಳಗೆ ಹೋದರು. ನಾನು ಮಾತ್ರ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಅಲ್ಲೇ ನಿಂತೆ. ಬೂಟು ಎತ್ತಿ ತಿರುವಿ ನೋಡಿದೆ. ಕುಳಿಯಲ್ಲಿ ಸವದತ್ತಿ ಗುಡ್ಡದ ಕೆಂಪು ಮರಳಿತ್ತು. ಬೆರಳು ತಾಗಿಸಿದೊಡನೆ ಉದುರಿತು. ಗುಡ್ಡದ ಮರಳು ಉದುರುತ್ತದೆ. ಹೊಲದ ಎರೆಮಣ್ಣು, ಆ ಕಪ್ಪು ಜಿಗುಟು ಮಣ್ಣು, ಉದುರುತ್ತದೆಯೇ? ಮಳೆಗಾಲದಲ್ಲಿ ಎರೆಹೊಲಕ್ಕೆ ಕಾಲಿಟ್ಟು ಬಂದವರಿಗೆ ಉತ್ತರ ಗೊತ್ತು. ಬೂಟನ್ನು ಬೋರಲಾಗಿಯೇ ಇಟ್ಟು ಒಳಗೆ ಹೋದೆ. ಕಾಲ್ಮರಿ ಬೋರಲು ಬಿದ್ದರೆ ಜಗಳ ಹುಟ್ಟುತ್ತದೆ ಎನ್ನುತ್ತಾರೆ. ಹುಟ್ಟಲಿ ಎಂದೇ ಇಟ್ಟೆ.

"ನೀವೂ ಇಂಥಾವ ತಗೋರಿ ಬೀಗಿತ್ತಿ," ಅವರು ಉಪ್ಪಿಟ್ಟು ತಿನ್ನುತ್ತ ಹೇಳಿದರು. "ಬೂಟು ಒಂದ ಸವಾರಿ ಹ್ವಾಗೂದು ತಪ್ಪತೇತಿ."

"ಕಾಲು ಬಿಡಿಸ್ಕೋಬೇಕಂದ್ರ?"

"ಹಿಮ್ಮಡಾ ತಿರುವಿದ್ರ ಆತು, ಟಕ್ ಅಂತ ಬಿಡತೇತಿ."

"ಯಾವಾಗ್ಲೂ ಬಿಡತೇತೇನ್ರಿ?"

"ಯಾವಾಗ್ಲೂ."

ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದೆ.

ಆ ದಿನದಿಂದ ನಾನು ಬೂಟು ನೋಡುವ ರೀತಿಯೇ ಬದಲಾಯಿತು. ಸಪಾಟು ತಳದ್ದೇ ಎಂದು ತೀರ್ಮಾನಿಸಿದೆ. ಲೇಸು ಚೈನಿಗೆ ಸಿಗದಂತೆ ಅದರ ಮೇಲೊಂದು ಮುಚ್ಚಳ ಇರಬೇಕು, ಬೆರಳಿನ ಮುಂದೆ ಕಲ್ಲು ಬಡಿದರೆ ತಡೆಯುವಷ್ಟು ಗಟ್ಟಿ ಇರಬೇಕು, ಕಣಕಾಲಿನ ಒಳಮಗ್ಗುಲಿಗೆ ಸ್ವಲ್ಪ ಮೆತ್ತೆ ಇರಬೇಕು. ಇವೆಲ್ಲ ಯಾರು ಬೇಕಾದರೂ ನೋಡುವ ಗುಣ. ನಾನು ಇನ್ನೊಂದು ಪರೀಕ್ಷೆ ಇಟ್ಟೆ. ತವರಿನ ಹೊಲದಿಂದ ಒಂದು ಬುಟ್ಟಿ ಎರೆಮಣ್ಣು ತರಿಸಿ, ಹಿತ್ತಿಲಲ್ಲಿ ಕಲಸಿ, ಬಂದ ಪ್ರತಿಯೊಂದು ಬೂಟಿನ ತಳದ ಒಂದು ಮೂಲೆಗೆ ಮೆತ್ತಿ, ಬಿಸಿಲಿಗಿಟ್ಟೆ. ಆಳವಾದ ಗೆರೆಗಳಿದ್ದ ಬೂಟುಗಳು ಮಣ್ಣು ಬಿಡಲಿಲ್ಲ, ತೊಳೆದು ಒರೆಸಿ ವಾಪಸು ಕಳಿಸಿದೆ. ಕಡೆಗೊಂದು ಜೋಡಿ ಬಂತು. ಗೆರೆ ಆಳವಿಲ್ಲ, ರಬ್ಬರು ಮಾತ್ರ ಬೆರಳಿಗೆ ಅಂಟುವಂಥದ್ದು. ಕಲ್ಲಿಗೆ ಬಡಿದರೆ ಮಣ್ಣು ಹೆಂಟೆಯಾಗಿ ಕಳಚಿ ಬೀಳುತ್ತಿತ್ತು. ಹಸಿಯಲ್ಲೂ ಹಿಡಿಯುತ್ತದೋ ನೋಡೋಣ ಎಂದು ಅರಿವೆ ಒಗೆಯುವ ಕಲ್ಲಿಗೆ ಸಾಬೂನು ಹಚ್ಚಿ, ಅದರ ಮೇಲೆ ಹತ್ತಿ ನಿಂತೆ.

"ಅರಿವಿ ಒಗಿಯೂ ಕಲ್ಲಿನ ಮ್ಯಾಲೆ ಕಾಲ್ಮರಿ ಮೆಟ್ಟಿ ನಿಂತಿ? ನಿನಗೇನರ ಬಡದೇತೇನು?" ಅತ್ತೆ ಬೈದರು.

ಜಾರಲಿಲ್ಲ. ಕಲ್ಲು ತೊಳೆದೆ, ಬೂಟು ಇಟ್ಟುಕೊಂಡೆ. ಬಣ್ಣ ಕಪ್ಪು, ಎರೆಯ ಬಣ್ಣವೇ.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಯಾರ ಪಾಳಿ ಬರುತ್ತದೋ ಅವರು ದಾರಿ ಹೇಳಬೇಕು, ಕಡೆಗೆ ಚಹಾ ನಾಷ್ಟಾ ಅವರದ್ದೇ. ಬೇರೆಯವರು ಅಡ್ಡ ಮಾತಾಡುವಂತಿಲ್ಲ. ನನ್ನ ಪಾಳಿ ಬೇಸಿಗೆಯಲ್ಲೇ ಬಂದಿತ್ತು. ಅಂಗಡಿಯ ನೆಪ ಹೇಳಿ ಮುಂದೆ ಹಾಕಿದೆ. ಮಳೆಗಾಲದ ಮೊದಲಲ್ಲಿ ಬಂತು, ಮಗಳ ಪರೀಕ್ಷೆಯ ನೆಪ ಹೇಳಿದೆ. ಹಸ್ತದ ಮಳೆ ಸುರಿದು, ಒಂದು ದಿನ ಬಿಸಿಲು ಬಿದ್ದಾಗ, ಈ ವಾರ ನನ್ನದು ಎಂದೆ.

ಶನಿವಾರ ಸ್ಕೂಟಿಯ ಮೇಲೆ ಮನೋಳಿಯ ಕಡೆ ಹೋಗಿ ನೋಡಿ ಬಂದೆ. ಹೊಳೆಯ ದಂಡೆಗೆ ಹೊಲಗಳ ನಡುವೆ ಒಂದು ಚಕ್ಕಡಿ ದಾರಿ. ಮೇಲೆ ಹಪ್ಪಳದಂತೆ ಒಣಗಿತ್ತು, ಒಳಗೆ ಕಲಸಿದ ಹಿಟ್ಟು. ಅದು ಮುಗಿದ ಮೇಲೆ ಒಂದು ಕಲ್ಲಿನ ಏರು. ಏರಿನ ತಲೆಯಲ್ಲಿ, ನವಿಲುತೀರ್ಥದ ಕಡೆ ಹೋಗುವ ರಸ್ತೆಗೆ ಚಹಾದ ಹೊಟೇಲು. ಭಾನುವಾರ ಬಸ್ಸಿಗೆ ಕಾಯುವ ಜನ ಅಲ್ಲಿ ತುಂಬಿರುತ್ತಾರೆ. ಹೊಲದಲ್ಲಿದ್ದ ಒಬ್ಬರು ನನ್ನನ್ನು ನೋಡಿ, "ಎರಿ ಹಸಿ ಐತ್ರಿ ಅಕ್ಕಾರ, ಇಲ್ಲಿ ಗಾಡಿ ನಡಿಯೂದಿಲ್ಲ," ಎಂದರು. ಗೊತ್ತೈತ್ರಿ ಎಂದೆ.

ಭಾನುವಾರ ಬೆಳಿಗ್ಗೆ ಹಪ್ಪಳ ಒಡೆಯಿತು. ದಾರಿಯ ಅರ್ಧಕ್ಕೆ ಎಲ್ಲರ ಗಾಲಿಗೂ ಮಣ್ಣು ಮೆತ್ತಿ, ತಿರುಗುವುದೇ ನಿಂತಿತು. ಇಳಿದು ಸೈಕಲ್ಲು ಹೊತ್ತುಕೊಂಡೇ ನಡೆದೆವು. ವಕೀಲರು, "ಎಂಥಾ ದಾರಿ ಹುಡುಕೀರಿ ಬಾಯಾರ, ನಿಮಗ ಪುಣ್ಯ ಬರಲಿ," ಎಂದು ಶಪಿಸಿದರು. ಬೀಗರ ಬೂಟು ಹೆಜ್ಜೆಹೆಜ್ಜೆಗೂ ದೊಡ್ಡದಾಗುತ್ತ ಹೋಯಿತು. ರಾಮದುರ್ಗದ ಸುತ್ತಲೂ ಎರೆಯೇ, ಅವರಿಗೆ ಎರೆ ಗೊತ್ತಿಲ್ಲವೆಂದಲ್ಲ. ಆದರೆ ಅದನ್ನು ಅವರು ಗಾದಿಯ ಮೇಲಿಂದ ನೋಡಿದ್ದರು.

ಏರಿನ ಬುಡದಲ್ಲಿ ನಿಂತು ಎಲ್ಲರೂ ಗಾಲಿ ಕೆರೆದುಕೊಂಡೆವು. ನಾನು ಕಲ್ಲಿಗೆ ಕಾಲು ಬಡಿದೆ, ಹೆಂಟೆ ಕಳಚಿ ಬಿತ್ತು. ಬೀಗರು ಬೂಟಿನ ಅಂಚಷ್ಟೇ ಹುಲ್ಲಿಗೆ ಒರೆಸಿ ಪೆಡಲಿಗೆ ಒತ್ತಿದರು. ಕಚ್ಚಲಿಲ್ಲ. ಮತ್ತೊಮ್ಮೆ ಒತ್ತಿದರು. ಆಮೇಲೆ ಸಿಟ್ಟಿನಿಂದ, ಮೆಣಸಿನಕಾಯಿ ಕುಟ್ಟಿದಂತೆ ಕುಟ್ಟಿದರು. ಒಳಗಿನ ಮಣ್ಣು, ಮಣ್ಣಿನೊಳಗಿನ ಹರಳು ಎಲ್ಲ ಸೇರಿ ಅಮರಿಕೊಂಡು, ಟಕ್ ಎಂದಿತು.

"ಕಚ್ಚಿತು ನೋಡ್ರಿ," ಎಂದರು.

ಒಮ್ಮೆ ಬಿಡಿಸಿ ನೋಡ್ರಿ ಎಂದು ಹೇಳಬಹುದಿತ್ತು. ಕೆರೆಯಲು ಕಡ್ಡಿಯೂ ನನ್ನ ಚೀಲದಲ್ಲಿತ್ತು. ಹೇಳಲಿಲ್ಲ, ಕೊಡಲಿಲ್ಲ.

ಏರಿನಲ್ಲಿ ನನ್ನ ಕಾಲು ಪೆಡಲಿಗೆ ಬೆಸೆದಂತೆ ಕೂತಿತ್ತು. ಬೇಕೆಂದೇ ನಿಧಾನ ತುಳಿದೆ. ಅವರು ನನ್ನನ್ನು ದಾಟಿದರು. "ಚಾ ಹೇಳಿರತೇನಿ ಬೀಗಿತ್ತಿ, ನೀವು ಸಾವಕಾಶ ಬರ್ರಿ," ಎಂದರು. ಬಿಸಿಲು ಏರಿತ್ತು. ಅವರ ಬೂಟಿನ ಮಣ್ಣು ಒಣಗಿ ಬೆಳ್ಳಗಾಗುವುದು ಹಿಂದಿನಿಂದ ನನಗೆ ಕಾಣುತ್ತಿತ್ತು.

ಹೊಟೇಲಿನ ಬೆಂಚು ತುಂಬಿತ್ತು. ಬೀಗರು ಒಂದು ಕೈ ಬಿಟ್ಟು, ಜನರತ್ತ ನೋಡುತ್ತ, ಠೀವಿಯಿಂದ ಬಂದು ಬ್ರೇಕು ಹಿಡಿದರು. ಬಲ ಹಿಮ್ಮಡಿ ತಿರುಗಿಸಿದರು. ಬರಲಿಲ್ಲ. ಎಡದ್ದು ತಿರುಗಿಸಿದರು. ಅದೂ ಬರಲಿಲ್ಲ. ಆಗ ಅವರ ಮುಖದಲ್ಲಿ ಬಂದ ಕಳೆ ನೋಡಲು ನಾನು ಎರಡು ಮಳೆಗಾಲ ಬೇಕಾದರೂ ಕಾಯುತ್ತಿದ್ದೆ. ಸೈಕಲ್ಲು ನಿಂತಲ್ಲೇ ನಿಂತು, ಬಹಳ ನಿಧಾನವಾಗಿ ಮಗ್ಗುಲಿಗೆ ವಾಲಿ, ಅವರನ್ನು ಕರೆದುಕೊಂಡು ಬಿತ್ತು. ಪೆಟ್ಟಾಗಲಿಲ್ಲ, ಮೊಣಕೈ ತರಚಿತು ಅಷ್ಟೆ. ಎರಡೂ ಕಾಲು ಪೆಡಲಿಗೆ ಕಟ್ಟಿಹಾಕಿದಂತೆ ಇದ್ದವು. ಅವರು ಏಳಲು ಒದ್ದಾಡಿದರೆ ಸೈಕಲ್ಲೂ ಜೊತೆಗೆ ಒದ್ದಾಡುತ್ತಿತ್ತು.

ಎತ್ತಿಗೆ ನಾಲ ಬಡಿಯುವುದನ್ನು ನಮ್ಮ ಕಡೆ ನೋಡದವರಿಲ್ಲ. ಹಗ್ಗದಿಂದ ಕಾಲು ಕಟ್ಟಿ, ಎತ್ತನ್ನು ಮಗ್ಗುಲಿಗೆ ಕೆಡವಿ, ಆಮೇಲೆ ಗೊರಸಿಗೆ ಬಡಿಯುತ್ತಾರೆ. ಅತ್ತೆ ಆಡಿದ ಮಾತನ್ನು ನಾನು ಇಷ್ಟು ದಿನ ಕಾಪಾಡಿಕೊಂಡು ಬಂದದ್ದು ಈ ಒಂದು ಗಳಿಗೆಗೆ. ಸೈಕಲ್ಲು ಇಳಿದು, ಕಲ್ಲಿಗೆ ಒರಗಿಸಿ, ಎಲ್ಲರಿಗೂ ಕೇಳುವಂತೆ, ಆದರೆ ದನಿ ಏರಿಸದೆ ಹೇಳಿದೆ:

"ಅಯ್ಯ, ಬೀಗರನ್ನ ನಾಲಾ ಬಡ್ಯಾಕ ಕೆಡವ್ಯಾರಲ್ಲ."

ಬೆಂಚಿಗೆ ಬೆಂಚೇ ನಕ್ಕಿತು. ಒಬ್ಬ ಅಜ್ಜ ಬೀಡಿ ಬಾಯಿಂದ ತೆಗೆದು, "ಹಿಡಕೊಳ್ರ್ಯೋ ಕೋಡು, ಒದ್ದೀತು," ಎಂದ. ಬ್ಯಾಂಕಿನವರು ಬಂದು ಎತ್ತಲು ನೋಡಿದರು. ಕಾಲು ಬಿಡಲೇ ಇಲ್ಲ. ಕಡೆಗೆ ಬೂಟಿನ ಪಟ್ಟಿ ಬಿಚ್ಚಿ, ಕಾಲನ್ನೇ ಹೊರಗೆ ಎಳೆದುಕೊಂಡರು. ಬೀಗರು ಕಾಲುಚೀಲದ ಮೇಲೆ ನಿಂತರು. ಬೂಟುಗಳು ಪೆಡಲಿಗೇ ಉಳಿದವು.

"ನಂದು ಒಂದ ಬೂಟು ಸವಾರಿ ಹೋಗಿತ್ರಿ," ಎಂದೆ. "ನೀವು ಸಾಹುಕಾರರು, ಜೋಡಿನ ಕಳಿಸೀರಿ."

ಬೀಗರೂ ನಕ್ಕರು, ನಗಲೇಬೇಕಿತ್ತು. ಹಲ್ಲು ಕಾಣಿಸುತ್ತಿದ್ದವು. ಅವುಗಳ ಹಿಂದೆ ಏನು ನಡೆದಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ದಿನ ಸಕ್ಕರೆ ಇಲ್ಲದ ಚಹಾ ಎರಡು ಕಪ್ಪು ಕುಡಿದೆ.

ಫೋನು ಮಾತ್ರ ತೆಗೆಯಲಿಲ್ಲ, ಬೇಕೆಂದೇ. ಚಿತ್ರವನ್ನು ಅಳಿಸಬಹುದು, ಬಾಯಿಗೆ ಬಿದ್ದ ಹೆಸರನ್ನು ಅಳಿಸಲು ಬರುವುದಿಲ್ಲ. ಹೊಟೇಲಿನಲ್ಲಿದ್ದವರು ಬಸ್ಸು ಹತ್ತಿ ಸವದತ್ತಿಗೆ ಹೋದರು, ರಾಮದುರ್ಗಕ್ಕೆ ಹೋದರು, ಅವರೊಂದಿಗೆ ಮಾತೂ ಹೋಯಿತು. ದೀಪಾವಳಿಯ ಹೊತ್ತಿಗೆ ನಮ್ಮತ್ತೆಯ ತಂಗಿ ಹೊಸ ಸೀರೆ ತೋರಿಸಲು ಬಂದರು. ಎಲ್ಲಿ ತಗೊಂಡ್ರಿ ಎಂದು ಕೇಳಿದೆ. "ರಾಮದುರ್ಗದಾಗ, ನಾಲದವರ ಅಂಗಡ್ಯಾಗ," ಎಂದರು. ಅವರ ಮಾತಿನಲ್ಲಿ ಚೇಷ್ಟೆ ಇರಲಿಲ್ಲ. ಒಳಗೆ ಹೋಗಿ ಒಬ್ಬಳೇ ನಕ್ಕೆ. ಬೀಗರು ಬೂಟು ಬದಲಿಸಿದರಂತೆ, ಈಗ ಸಪಾಟು ತಳದ್ದೇ ಹಾಕುತ್ತಾರಂತೆ. ಬದಲಿಸಲಿ, ಹೆಸರಿಗೆ ಬೂಟಿನ ಹಂಗಿಲ್ಲ.

ಮೊನ್ನೆ ಅಣ್ಣನ ಮಗಳ ಕುಬಸಕ್ಕೆ ಎರಡೂ ಕಡೆಯ ಬೀಗರು ಸೇರಿದ್ದೆವು. ಬಸುರಿಯನ್ನು ಕೂರಿಸಿ ಆಯೇರಿ ಮಾಡುವಾಗ, ಯಾರು ಉಡುಗೊರೆ ತಂದಿದ್ದಾರೆ ಎಂದು ಮೈಕಿನಲ್ಲಿ ಒಬ್ಬರು ಕೂಗಿ ಹೇಳುವುದು ರೂಢಿ. ಹೇಳುತ್ತಿದ್ದವರು ಹೊರಗಿನವರು, ನಮ್ಮ ಕತೆ ಗೊತ್ತಿಲ್ಲದವರು. "ರಾಮದುರ್ಗದ ನಾಲದವರು," ಎಂದು ಕೂಗಿದರು. ನಾನು ತುಟಿ ಕಚ್ಚಿ, ನಗು ಏಳುತ್ತದೆ ಎಂದು ಸುತ್ತ ನೋಡಿದೆ. ಯಾರೂ ನಗಲಿಲ್ಲ. ಮೆಣಸಿನಕಾಯಿ ಎಂದರೆ ಹೇಗೆ ನಗುವುದಿಲ್ಲವೋ ಹಾಗೆ. ಬೀಗರು ಎದ್ದು, ಶಲ್ಯ ಸರಿಮಾಡಿಕೊಂಡು, ಸೀರೆಯ ತಟ್ಟೆ ಹಿಡಿದು ಹೋದರು. ಗೆದ್ದೆ ಎಂದುಕೊಂಡೆ. ಪೂರ್ತಿ ಗೆದ್ದೆ ಎಂದುಕೊಂಡೆ.

"ಬೈಲಹೊಂಗಲದ ಬೂಟಿನವರು," ಎಂದು ಮೈಕು ಕೂಗಿತು.

ಆಗಲೂ ಯಾರೂ ನಗಲಿಲ್ಲ. ನಾನು ಕೂತಲ್ಲಿಂದ ಅಲುಗಲಿಲ್ಲ. ನನ್ನ ಪಕ್ಕದಲ್ಲಿ, ಗೆಳತಿಯ ಜೊತೆ ಏನೋ ಮಾತಾಡುತ್ತಿದ್ದ ನನ್ನ ಮಗಳು, ಮಾತು ಅರ್ಧಕ್ಕೆ ನಿಲ್ಲಿಸಿ ಎದ್ದಳು. "ನಮ್ಮನ್ನ ಕರದ್ರು, ಏಳ ಅವ್ವಾ," ಎಂದು ತಟ್ಟೆ ಎತ್ತಿಕೊಂಡು ಮುಂದೆ ನಡೆದಳು.